ಶಿರಾಡಿ ಓಪನ್ ಉಂಟಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಫೋನ್ ಮಾಡಿದವರು ನಮಸ್ಕಾರಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: "ಶಿರಾಡಿ ಓಪನ್ ಉಂಟಾ?" ಕೇಳುವವರಲ್ಲಿ ಪುತ್ತೂರಿನ ಅಡಿಕೆ ಮಂಡಿಯವರಿರುತ್ತಾರೆ, ಮಲ್ಪೆಯಲ್ಲಿ ಮೀನು ತುಂಬಿಸಿದವರಿರುತ್ತಾರೆ, ಪಣಂಬೂರಿನಲ್ಲಿ ಗೊಬ್ಬರದ ಲೋಡಿಗೆ ಕಾದು ನಿಂತ ಡ್ರೈವರುಗಳು, ಹಾಸನದಿಂದ ತರಕಾರಿ ತರಿಸುವವರು ಇರುತ್ತಾರೆ. ಬಾಡಿಗೆ ಎಷ್ಟು, ಎಷ್ಟು ಗಂಟೆಗೆ ತಲುಪುತ್ತದೆ ಎನ್ನುವುದೆಲ್ಲ ಆಮೇಲಿನ ಮಾತು.

ಈ ಪ್ರಶ್ನೆಗೂ ಕರಾವಳಿಯ ಸಾರಿಗೆಯ ಬಗ್ಗೆ ನಾವು ವೇದಿಕೆಗಳಲ್ಲಿ ಆಡುವ ಮಾತಿಗೂ ದೂರ ಬಹಳ. ವೇದಿಕೆಯಲ್ಲಿ ಕೇಳಿಬರುವುದು ವಂದೇ ಭಾರತ್ ರೈಲಿನ ನಿಲುಗಡೆ, ಬೆಂಗಳೂರಿಗೆ ಇಂತಿಷ್ಟೇ ಗಂಟೆ ಎಂಬ ಭರವಸೆ, ಸುರಂಗ, ಚತುಷ್ಪಥ. ಪ್ರಯಾಣಿಕನ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಎಂಟು ತಾಸಿನ ದಾರಿ ಆರು ತಾಸಿಗೆ ಇಳಿದರೆ ಯಾರಿಗೆ ಬೇಡ? ಆದರೆ ಅಡಿಕೆ ಮೂಟೆಗೆ ಎರಡು ತಾಸು ಉಳಿಸಿ ಆಗಬೇಕಾದ್ದೇನೂ ಇಲ್ಲ. ಗುರುವಾರ ಹೊರಟದ್ದು ಶನಿವಾರ ತಲುಪುತ್ತದೆ ಎಂದು ಮಂಡಿಯವನು ಆ ಕಡೆಯ ಗಿರಾಕಿಗೆ ಧೈರ್ಯವಾಗಿ ಹೇಳುವಂತಿದ್ದರೆ ಸಾಕು. ಎರಡು ದಿನದ ದಾರಿ ಯಾವತ್ತೂ ಎರಡೇ ದಿನ ಹಿಡಿದರೆ ವ್ಯಾಪಾರ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಒಮ್ಮೆ ಒಂದು ದಿನ, ಇನ್ನೊಮ್ಮೆ ಐದು ದಿನ ಎಂದಾದರೆ ಯಾರೂ ಹೊಂದಿಕೊಳ್ಳಲಾರರು.

ಬೆಂಗಳೂರು–ಮಂಗಳೂರು ನಡುವೆ ಸುಮಾರು 350 ಕಿಲೋಮೀಟರ್. ಸಕಲೇಶಪುರ ದಾಟಿದ ಮೇಲೆ ಗುಂಡ್ಯದ ಕಡೆಗೆ ಇಳಿಯುವ ಸುಮಾರು 26 ಕಿಲೋಮೀಟರಿನ ಶಿರಾಡಿ ಘಟ್ಟವೇ ಉಳಿದೆಲ್ಲ ದಾರಿಯ ಹಣೆಬರಹ ಬರೆಯುವುದು. ನಕ್ಷೆ ಬಿಡಿಸಿದರೆ ಘಟ್ಟದ ದಾರಿಗಳು ಬೇಕಾದಷ್ಟಿವೆ: ಚಾರ್ಮಾಡಿ, ಸಂಪಾಜೆ, ಬಿಸಿಲೆ, ಆಗುಂಬೆ, ಹುಲಿಕಲ್. ಕಾರಿನವರಿಗೆ ಇವೆಲ್ಲ ಆಯ್ಕೆಗಳೇ. ಹನ್ನೆರಡು ಚಕ್ರದ ಲಾರಿಗೆ ಹಾಗಲ್ಲ. ಆಗುಂಬೆಯ ಹಿಮ್ಮುರಿ ತಿರುವುಗಳಲ್ಲಿ ಭಾರಿ ವಾಹನಕ್ಕೆ ಪ್ರವೇಶವಿಲ್ಲ. ಚಾರ್ಮಾಡಿಯ ಬಾಗಿಲು 2019ರ ಆಗಸ್ಟ್‌ನ ಭೂಕುಸಿತದ ನಂತರ ದೊಡ್ಡ ಲಾರಿಗಳಿಗೆ ಮುಚ್ಚಿತು. ಬಿಸಿಲೆ ಕಾಡಿನೊಳಗಿನ ಸಪೂರ ರಸ್ತೆ. ಸಂಪಾಜೆ ಕಡೆ ಮಳೆ ಜೋರಾದರೆ ಮೊದಲು ತಡೆ ಬೀಳುವುದು ಲಾರಿಗಳಿಗೇ. ಸುತ್ತಿ ಬಳಸಿ ಹೋಗೋಣವೆಂದರೆ ಉತ್ತರಕ್ಕೆ ಅಂಕೋಲೆಗೆ ಹೋಗಿ, ಅರಬೈಲು ಘಟ್ಟ ಹತ್ತಿ, ಹುಬ್ಬಳ್ಳಿ ಮೇಲಾಗಿ ಬೆಂಗಳೂರು ಸೇರಬೇಕು. ದೂರ ಎರಡು ಪಟ್ಟು ಮೀರುತ್ತದೆ. ದಕ್ಷಿಣಕ್ಕೆ ಕೇರಳದೊಳಗೆ ಇಳಿದು ವಯನಾಡಿನಿಂದ ಬರುವವರನ್ನು ಬಂಡೀಪುರದ ರಾತ್ರಿ ನಿಷೇಧ ಹಿಡಿದು ನಿಲ್ಲಿಸುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಗೇಟು. ಅಂತೂ ನಕ್ಷೆಯಲ್ಲಿ ಅರ್ಧ ಡಜನ್ ದಾರಿ ಇದ್ದರೂ ಸರಕಿನ ಪಾಲಿಗೆ ಇರುವುದು ಒಂದೂವರೆ.

ಆ ಒಂದೂವರೆಯೂ ಇಲ್ಲದಾದರೆ ಏನಾಗುತ್ತದೆ ಎಂದು 2018 ತೋರಿಸಿಕೊಟ್ಟಿತು. ಶಿರಾಡಿಗೆ ಕಾಂಕ್ರೀಟು ಹಾಕುವ ಕೆಲಸ ಎರಡು ಕಂತಿನಲ್ಲಿ ನಡೆದಿತ್ತು. 2015ರಲ್ಲಿ ಮೊದಲ ಭಾಗಕ್ಕೆ ತಿಂಗಳುಗಟ್ಟಲೆ ರಸ್ತೆ ಮುಚ್ಚಿದರು. 2018ರ ಜನವರಿಯಲ್ಲಿ ಎರಡನೇ ಭಾಗಕ್ಕೆಂದು ಮತ್ತೆ ಮುಚ್ಚಿದ ಘಟ್ಟ ತೆರೆದದ್ದು ಜುಲೈ ನಡುವಿಗೆ. ಹೊಸ ಕಾಂಕ್ರೀಟಿನ ಮೇಲೆ ಲಾರಿಗಳು ಸರಿಯಾಗಿ ಒಂದು ತಿಂಗಳು ಓಡಿದ್ದವೋ ಇಲ್ಲವೋ, ಆಗಸ್ಟ್‌ನ ಮಳೆ ಬಂತು. ಶಿರಾಡಿಯಲ್ಲಿ ಗುಡ್ಡ ಜರಿಯಿತು. ಸಂಪಾಜೆ ದಾರಿಯಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಇಳಿಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಮೇಲೆ ಹತ್ತಾರು ಕಡೆ ಮಣ್ಣು ಬಿತ್ತು. ಎರಡು ಹೆದ್ದಾರಿ, ಒಂದು ರೈಲು, ಮೂರೂ ಒಟ್ಟಿಗೆ ನಿಂತವು. ಆಗ ಚಾರ್ಮಾಡಿ ಇನ್ನೂ ಜೀವಂತವಿತ್ತು, ಇದ್ದಬದ್ದ ವಾಹನಗಳೆಲ್ಲ ಅಲ್ಲಿಗೇ ನುಗ್ಗಿದವು. ಮರುವರ್ಷ ಅದರ ಸರದಿ.

2024ರ ಜುಲೈ ಇನ್ನೂ ನಿಷ್ಕರುಣಿ. 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿಯ ಹೆದ್ದಾರಿ 66 ಬಂದ್ ಆಯಿತು. ರಸ್ತೆ ಬದಿ ನಿಲ್ಲಿಸಿದ್ದ ಒಂದು ಲಾರಿ ಡ್ರೈವರನ ಸಮೇತ ಗಂಗಾವಳಿ ನದಿಯ ಪಾಲಾಯಿತು. ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಶಿರಾಡಿಯ ದಾರಿ ಮೇಲಿಂದ ಮೇಲೆ ಕುಸಿಯುತ್ತಿತ್ತು. 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣೇ ಜಾರಿತು. ಉತ್ತರದ ದಾರಿ, ಪೂರ್ವದ ದಾರಿ, ರೈಲು: ಹನ್ನೊಂದು ದಿನಗಳೊಳಗೆ ಎಲ್ಲಕ್ಕೂ ಪೆಟ್ಟು. ಇದನ್ನು ಪ್ರಕೃತಿ ವಿಕೋಪ ಎಂದು ಕರೆದು ಮುಗಿಸುವುದು ಸುಲಭ. ಆದರೆ ಏಳು ವರ್ಷದಲ್ಲಿ ಮೂರು ಸಲ ಆದದ್ದನ್ನು ವ್ಯಾಪಾರಿ ವಿಕೋಪದ ಲೆಕ್ಕಕ್ಕೆ ಹಾಕುವುದಿಲ್ಲ, ಖರ್ಚಿನ ಲೆಕ್ಕಕ್ಕೆ ಹಾಕುತ್ತಾನೆ.

ಆ ಖರ್ಚು ಹೇಗೆ ಬೆಳೆಯುತ್ತದೆ ನೋಡಿ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಲಾರಿ ಗುಂಡ್ಯದಲ್ಲಿ ನಿಂತಿದೆ. 50 ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು, ಅದಕ್ಕೆ ಆಯುಷ್ಯವಿದೆ. 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. 350 ಕಿಲೋಮೀಟರಿಗೆ ಎರಡು ದಿನ ಸಿಗುತ್ತದೆ, ಬಯಲಿನ ರಸ್ತೆಗೆ ಅದು ಧಾರಾಳ. ಘಟ್ಟ ಮುಚ್ಚಿದರೆ ಗಡುವು ಮುಗಿಯುವ ಮೊದಲಿನ ಎಂಟು ತಾಸಿನಲ್ಲಿ ಅಥವಾ ಮುಗಿದ ಎಂಟು ತಾಸಿನ ಒಳಗೆ ಅದನ್ನು ವಿಸ್ತರಿಸಬೇಕು. ಕಂಪನಿಯಾದರೆ ಕಚೇರಿಯಲ್ಲಿ ಕೂತ ಹುಡುಗ ಅದನ್ನು ಮಾಡುತ್ತಾನೆ. ಸುಳ್ಯದ ಒಬ್ಬ ಸಣ್ಣ ವ್ಯಾಪಾರಿ, ಲೆಕ್ಕ ಬರೆಯುವವನನ್ನು ತಿಂಗಳಿಗೊಮ್ಮೆ ಕರೆಸುವವನು, ಮಧ್ಯರಾತ್ರಿ ಅದನ್ನು ನೆನಪಿಟ್ಟು ಮಾಡಬೇಕು. ಮರೆತರೆ ದಂಡ. ಇತ್ತ ಡ್ರೈವರ್ ಬತ್ತಾ ಓಡುತ್ತಲೇ ಇರುತ್ತದೆ, ಲಾರಿಯ ಸಾಲದ ಕಂತೂ ಓಡುತ್ತದೆ. ಬೆಂಗಳೂರಿನಲ್ಲಿ ಕಾದಿದ್ದ ರಿಟರ್ನ್ ಲೋಡು ಬೇರೆಯವನ ಪಾಲಾಗುತ್ತದೆ. ಲಾರಿ ಮಾಲೀಕನಿಗೆ ಹೋಗುವ ಬಾಡಿಗೆಯಲ್ಲಿ ಖರ್ಚು ಹುಟ್ಟುತ್ತದೆ, ಬರುವ ಬಾಡಿಗೆಯಲ್ಲಿ ಲಾಭ. ರಿಟರ್ನ್ ತಪ್ಪಿದ ಟ್ರಿಪ್ಪು ದುಡಿದೂ ದಂಡ. ಹಾಗಾಗಿ ಮಳೆಗಾಲದಲ್ಲಿ ಬಾಡಿಗೆ ಏರಿಸುತ್ತಾರೆ, ಘಟ್ಟ ತೆರೆದಿರುವ ದಿನಗಳಲ್ಲೂ. ಮುಚ್ಚದ ದಿನಕ್ಕೂ ಮುಚ್ಚುವ ಭಯದ ಬೆಲೆಯನ್ನು ಕರಾವಳಿಯ ಅಂಗಡಿಯವನು ತೆರುತ್ತಿದ್ದಾನೆ, ಅವನಿಂದ ನಾವು ತೆರುತ್ತಿದ್ದೇವೆ.

ಸರಕುಗಳೆಲ್ಲ ಒಂದೇ ಬಗೆಯವಲ್ಲ, ಅವುಗಳ ಪಂಚಾಂಗವೂ ಬೇರೆ ಬೇರೆ. ಮೀನಿಗೆ ರಾತ್ರಿ ಮುಖ್ಯ. ಸಂಜೆ ಐಸು ತುಂಬಿಸಿ ಹೊರಟದ್ದು ಬೆಳಗಿನ ಮಾರುಕಟ್ಟೆಗೆ ಬೆಂಗಳೂರು, ಮೈಸೂರು ಮುಟ್ಟಬೇಕು. ಆರು ತಾಸು ತಡವಾದರೆ ಐಸಿನ ಜತೆ ದರವೂ ಕರಗುತ್ತದೆ. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆಯಾದ್ದರಿಂದ ಮಳೆಯ ಮೊದಲ ಪೆಟ್ಟಿನಿಂದ ಮೀನು ಪಾರಾಗುತ್ತದೆ, ಆಗಸ್ಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ತರಕಾರಿ ಘಟ್ಟ ಇಳಿಯುವುದೂ ರಾತ್ರಿಯೇ, ಆದರೆ ವರ್ಷವಿಡೀ. ಗೊಬ್ಬರದ ಕಥೆ ತಿರುಗಾಮುರುಗಾ. ಪಣಂಬೂರಿನ ಗೊಬ್ಬರ ಕಾರ್ಖಾನೆಯಿಂದ, ಬಂದರಿಗೆ ಬಂದ ಹಡಗುಗಳಿಂದ ಅದು ಘಟ್ಟ ಹತ್ತಬೇಕಾದ್ದು ಮುಂಗಾರು ಬಿತ್ತನೆಯ ಹೊತ್ತಿಗೆ, ಅಂದರೆ ಘಟ್ಟ ಜರಿಯುವ ಹೊತ್ತಿಗೇ. ಅಡಿಕೆಗೆ ಎರಡು ದಿನ ತಡವಾದರೆ ತೊಂದರೆಯಿಲ್ಲ, ತೇವ ತಾಗಿದರೆ ಮುಗಿಯಿತು. ಚಾಲಿ ಅಡಿಕೆಯ ಬೆಲೆ ನಿಂತಿರುವುದೇ ಅದರ ಬಿಳುಪಿನ ಮೇಲೆ. ಟಾರ್ಪಾಲಿನ ಕೆಳಗೆ ಮೂರು ದಿನ ಬೆವತ ಮೂಟೆಯನ್ನು ಗುಜರಾತಿನ ವ್ಯಾಪಾರಿ ಎರಡನೇ ದರ್ಜೆಗೆ ಇಳಿಸುತ್ತಾನೆ.

ಕಾಫಿ ಇವೆಲ್ಲಕ್ಕಿಂತ ಭಿನ್ನ. ದೇಶದ ಕಾಫಿಯ ಸುಮಾರು ಶೇಕಡಾ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಕೊಯ್ಲು ನವೆಂಬರ್‌ನಿಂದ ಮಾರ್ಚ್‌ವರೆಗೆ, ಕ್ಯೂರಿಂಗ್ ಮುಗಿದು ರಫ್ತು ಜೋರಾಗುವುದು ಬೇಸಿಗೆಯಲ್ಲಿ. ಹಾಗಾದರೆ ಕಾಫಿಗೆ ಘಟ್ಟದ ಕಾಟ ಕಡಿಮೆ ಇರಬೇಕಲ್ಲ? ಇಲ್ಲೇ ಸಮಸ್ಯೆಯ ಗಂಟಿರುವುದು. ಘಟ್ಟದ ರಸ್ತೆ ರಿಪೇರಿ ಮಾಡಲು ಮಳೆಯಿಲ್ಲದ ತಿಂಗಳುಗಳೇ ಬೇಕು, ಸರಕು ಹೆಚ್ಚು ಓಡುವುದೂ ಅದೇ ತಿಂಗಳುಗಳಲ್ಲಿ. 2015 ಮತ್ತು 2018ರಲ್ಲಿ ಶಿರಾಡಿ ಮುಚ್ಚಿದ್ದು ಜನವರಿಯಿಂದ, ಕಾಫಿ, ಅಡಿಕೆ ಎರಡರ ನಡು ಸೀಸನ್ನಿನಲ್ಲಿ. ಮಳೆಗಾಲದಲ್ಲಿ ಮಳೆ ಮುಚ್ಚಿತು, ಬೇಸಿಗೆಯಲ್ಲಿ ಸರಕಾರ ಮುಚ್ಚಿತು. ಒಂದೇ ಬಾಗಿಲಿರುವ ಮನೆಗೆ ಆ ಬಾಗಿಲು ರಿಪೇರಿಯಾಗುವಾಗ ಇನ್ನೊಂದು ಬಾಗಿಲು ಬೇಕು. ಎರಡನೇ ಘಟ್ಟವನ್ನು ಲಾರಿಗೆ ಯೋಗ್ಯವಾಗಿ ಇಟ್ಟುಕೊಳ್ಳದೆ ಮೊದಲ ಘಟ್ಟವನ್ನು ಅಗಲ ಮಾಡಲು ಹೊರಟದ್ದು ನನ್ನ ದೃಷ್ಟಿಯಲ್ಲಿ ಆದ್ಯತೆಯ ಮೊದಲ ತಪ್ಪು.

ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕುವಷ್ಟು ಶಿರಾಡಿಯ ರಸ್ತೆ ಹದಗೆಟ್ಟದ್ದಾದರೂ ಹೇಗೆ? 2000ದ ದಶಕದಲ್ಲಿ ಬಳ್ಳಾರಿ ಕಡೆಯಿಂದ ಬಂದರಿಗೆ ಓಡಿದ ಅದಿರು ಲಾರಿಗಳನ್ನು ಈ ದಾರಿಯ ಜನ ಇನ್ನೂ ಮರೆತಿಲ್ಲ. ಚೀನಾದ ಬೇಡಿಕೆ, ಮಿತಿಮೀರಿದ ಭಾರ, ಹಗಲು ರಾತ್ರಿಯೆನ್ನದ ಸಾಲು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ತಡೆಯಿತು. ಅಷ್ಟರಲ್ಲಿ ರಸ್ತೆ ಮುಗಿದಿತ್ತು. ಲಾಭ ಮಾಡಿದವರು ಒಬ್ಬರು, ಹೊಂಡದಲ್ಲಿ ಆಕ್ಸೆಲ್ ಮುರಿದುಕೊಂಡವರು ಮತ್ತೊಬ್ಬರು. ಅಡಿಕೆ ಸಾಗಿಸುವವನಿಗೆ ಅದಿರಿನಿಂದ ಒಂದು ಪೈಸೆ ಬಂದಿರಲಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೇ ದಾರಿಯಲ್ಲಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಂಗಳೂರಿನಿಂದ ಹಾಸನದ ಮೇಲಾಗಿ ಬೆಂಗಳೂರಿಗೆ 362 ಕಿಲೋಮೀಟರ್ ಉದ್ದದ ಪೆಟ್ರೋಲಿಯಂ ಪೈಪ್‌ಲೈನ್ 2003ರಿಂದ ಕೆಲಸ ಮಾಡುತ್ತಿದೆ. ಪೆಟ್ರೋಲು, ಡೀಸೆಲು ಟ್ಯಾಂಕರಿನಲ್ಲಿ ಘಟ್ಟ ಹತ್ತುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಅಡುಗೆ ಅನಿಲಕ್ಕೂ ಮುಂದೆ ಪೈಪ್‌ಲೈನ್ ಬಂತು. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿಕೊಂಡು ಹಲವರು ಸತ್ತ ಮೇಲೆ ಆ ಟ್ಯಾಂಕರುಗಳ ಸಾಲನ್ನು ಕಂಡರೆ ಜನಕ್ಕೆ ಹೆದರಿಕೆ. ಶಿರಾಡಿಯಲ್ಲಿ ಲಾರಿಗಳಿಗೆ ಜಾಗ ಬಿಡಿಸಿಕೊಟ್ಟ ಅತಿ ದೊಡ್ಡ ರಸ್ತೆ ಕಾಮಗಾರಿ ಯಾವುದೆಂದರೆ ನಾನು ಈ ಪೈಪುಗಳನ್ನೇ ತೋರಿಸುತ್ತೇನೆ. ನೆಲದಡಿ ಹೂತದ್ದಕ್ಕೆ ಉದ್ಘಾಟನೆಯ ಕಮಾನು ಕಟ್ಟುವುದು ಕಷ್ಟ, ಅಷ್ಟೇ.

ಮುಂದಿನ ಪಾಳಿ ರೈಲಿನದಾಗಬೇಕಿತ್ತು. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಮುಗಿಯಿತು. 1996ರಲ್ಲಿ ಗೇಜ್ ಬದಲಾವಣೆಗೆಂದು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ಹನ್ನೊಂದು ವರ್ಷ ಒಂದು ಇಡೀ ಪ್ರದೇಶದ ರೈಲು ಬಂದ್! ಆ ಅವಧಿಯಲ್ಲಿ ರೈಲಿನ ವ್ಯಾಪಾರವೆಲ್ಲ ಲಾರಿಗೆ ಬಿತ್ತು, ಬಿದ್ದದ್ದು ಏಳಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1, ಅಂದರೆ ಪ್ರತಿ 50 ಮೀಟರಿಗೆ ಒಂದು ಮೀಟರ್ ಹತ್ತಬೇಕು, ರೈಲಿನ ಲೆಕ್ಕದಲ್ಲಿ ಅದು ಕಡಿದಾದ ಬೆಟ್ಟ. ಹತ್ತುವ ಗೂಡ್ಸಿಗೆ ಹೆಚ್ಚುವರಿ ಎಂಜಿನ್ನುಗಳು ಬೇಕು, ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು, ಹಳಿ ಒಂದೇ. ಪ್ರಯಾಣಿಕರ ರೈಲು ಹೆಚ್ಚಿದಷ್ಟೂ ಗೂಡ್ಸಿನ ಪಾಳಿ ಹಿಂದೆ ಸರಿಯುತ್ತದೆ. ನಮಗೆ ಹಗಲಿಗೊಂದು, ರಾತ್ರಿಗೆ ಮೂರು ರೈಲು ಬೇಕೆಂದು ನಾವೇ ಕೇಳುತ್ತೇವೆ, ಸಾಮಾನಿನ ಬೆಲೆ ಹೆಚ್ಚಾಯಿತೆಂದು ನಾವೇ ಗೊಣಗುತ್ತೇವೆ. ಈ ಎರಡರ ನಡುವಿನ ನಂಟು ಟೈಂಟೇಬಲಿನಲ್ಲಿ ಕಾಣುವುದಿಲ್ಲ.

ಆದರೆ ಸಣ್ಣ ವ್ಯಾಪಾರಿಯನ್ನು ರೈಲಿನಿಂದ ದೂರ ಮಾಡಿದ್ದು ಘಟ್ಟವೊಂದೇ ಅಲ್ಲ. ಮೀಟರ್‌ಗೇಜ್ ಕಾಲದಲ್ಲಿ ಒಂದು ವ್ಯಾಗನ್ ಬುಕ್ ಮಾಡಬಹುದಿತ್ತು, ಅದಕ್ಕೂ ಕಡಿಮೆಯಿದ್ದರೆ ಮೂಟೆ ಲೆಕ್ಕದಲ್ಲಿ ಕಳಿಸಬಹುದಿತ್ತು. 1980ರ ದಶಕದಿಂದ ರೈಲ್ವೆ ಇಡೀ ರೇಕ್ ಲೆಕ್ಕದಲ್ಲಿ ಸರಕು ಒಯ್ಯುವ ಪದ್ಧತಿಗೆ ಹೊರಳಿತು. ಮುಚ್ಚಿದ ವ್ಯಾಗನ್ನುಗಳ ಒಂದು ರೇಕ್ ಎಂದರೆ ನಲವತ್ತಕ್ಕೂ ಹೆಚ್ಚು ವ್ಯಾಗನ್, ಎರಡೂವರೆ ಸಾವಿರ ಟನ್ನಿಗೂ ಮೇಲೆ. ಗೊಬ್ಬರದ ಕಂಪನಿಗೆ, ಕಲ್ಲಿದ್ದಲಿಗೆ, ಸಿಮೆಂಟಿಗೆ ಇದು ಸರಿ. ಹತ್ತು ಟನ್ ಅಡಿಕೆ ಇಟ್ಟುಕೊಂಡವನು ಏನು ಮಾಡಬೇಕು? ಇನ್ನೂರು ಮುನ್ನೂರು ಜನ ಒಂದೇ ದಿನ, ಒಂದೇ ಊರಿಗೆ ಕಳಿಸಲು ಒಪ್ಪಬೇಕು. ಆಗದ ಮಾತು ಎನ್ನಬೇಡಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಂಥದ್ದು ಬೇರೆ ರೂಪದಲ್ಲಿ ಆಗಿದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಾವಿರಾರು ಬೆಳೆಗಾರರ ಅಡಿಕೆಯನ್ನು ಒಟ್ಟುಗೂಡಿಸಿ ಮಾರಿದ ಸಹಕಾರಿ. ಮಾರಾಟವನ್ನು ಒಟ್ಟುಗೂಡಿಸಿದವರಿಗೆ ಸಾಗಾಟವನ್ನು ಒಟ್ಟುಗೂಡಿಸುವುದು ತಿಳಿಯದ ವಿದ್ಯೆಯೇನಲ್ಲ. ಅದಕ್ಕೆ ಮಳೆ ಬೀಳದ ಮಾಡು, ಲಾರಿ ತಿರುಗಿಸಲು ಜಾಗ, ರಾತ್ರಿ ಬೆಳಕು ಇರುವ ಗೂಡ್ಸ್ ಶೆಡ್ಡು ಬೇಕು. ಗೂಡ್ಸ್ ಶೆಡ್ಡಿನ ಮಾಡಿನ ಶೀಟು ಸರಿಮಾಡಿಸಿ ಎಂದು ಯಾವ ಜನಪ್ರತಿನಿಧಿಯೂ ರೈಲ್ವೆ ಸಚಿವರಿಗೆ ಮನವಿ ಕೊಟ್ಟ ಫೋಟೋವನ್ನು ನಾನಂತೂ ನೋಡಿಲ್ಲ.

ಕೇಳಿದರೂ ಯಾರನ್ನು ಕೇಳಬೇಕು ಎಂಬ ಗೊಂದಲ ಬೇರೆ. ಮಂಗಳೂರಿನಲ್ಲಿ ಮೂರು ರೈಲ್ವೆಗಳು ಕೂಡುತ್ತವೆ. ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ, ಪಡೀಲ್ ದಾಟಿದ ಮೇಲಿನ ಹಾಸನದ ದಾರಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ, ತೋಕೂರಿನಿಂದ ಉತ್ತರ ಕೊಂಕಣ ರೈಲ್ವೆಗೆ ಸೇರಿದೆ. ಮೂವರಿಗೂ ಇದು ಗಡಿ, ಯಾರಿಗೂ ನಡುಮನೆಯಲ್ಲ. ಕೊಂಕಣ ರೈಲ್ವೆಯವರು ಮಾತ್ರ ಒಂದು ಜಾಣತನ ಮಾಡಿದರು. 1999ರಲ್ಲಿ ಕೊಲಾಡ್‌ನಿಂದ ಗೋವಾಕ್ಕೆ ರೋ-ರೋ ಶುರುಮಾಡಿ, ಮುಂದೆ ಅದನ್ನು ಸುರತ್ಕಲ್‌ವರೆಗೆ ತಂದರು. ಲಾರಿಯನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ಹತ್ತಿಸುವುದು, ಡ್ರೈವರ್, ಕ್ಲೀನರ್ ಲಾರಿಯಲ್ಲೇ ಮಲಗುವುದು, ಬೆಳಿಗ್ಗೆ ಇಳಿದು ಮುಂದಕ್ಕೆ ಹೋಗುವುದು. ಡೀಸೆಲು, ಟೈರು, ನಿದ್ದೆ ಮೂರೂ ಉಳಿತಾಯ. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆಗೂ ಇಂಥದೊಂದು ಶುರುವಾಯಿತು. ಶಿರಾಡಿಯ ಪಕ್ಕದ ಹಳಿಯಲ್ಲಿ ಇದು ಸಾಧ್ಯವೇ ಎಂಬುದಕ್ಕೆ ಏರು, ಸುರಂಗದ ಎತ್ತರ, ವಿದ್ಯುತ್ ತಂತಿಯ ಎತ್ತರಗಳನ್ನು ಎಂಜಿನಿಯರುಗಳು ಅಳೆದು ಹೇಳಬೇಕು. ಸುರಂಗ ಹೆದ್ದಾರಿಗೆ ಎಷ್ಟು ಸರ್ವೆ ಮಾಡಿಸಿದೆವೋ ಅದರ ಒಂದು ಪಾಲು ಇದಕ್ಕೂ ಮಾಡಿಸಬಹುದು.

ಇಷ್ಟೆಲ್ಲ ಲಾರಿ, ರೇಕ್ ಮಟ್ಟದ ಮಾತಾಯಿತು. ಅದಕ್ಕಿಂತ ಕೆಳಗೆ ಇನ್ನೊಂದು ಸಾರಿಗೆ ವ್ಯವಸ್ಥೆ ಸದ್ದಿಲ್ಲದೆ ನಡೆಯುತ್ತದೆ, ದಕ್ಷಿಣ ಕನ್ನಡ, ಉಡುಪಿಯ ಹೊರಗಿನವರಿಗೆ ಅದರ ಅಂದಾಜೇ ಇರುವುದಿಲ್ಲ: ನಮ್ಮ ಖಾಸಗಿ ಬಸ್ಸುಗಳು. 1914ರಷ್ಟು ಹಿಂದೆಯೇ ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿಪಿಸಿ, ಇಲ್ಲಿ ಹುಟ್ಟಿತು. ಬಸ್ಸು ಜನರನ್ನಷ್ಟೇ ಒಯ್ಯುತ್ತಿರಲಿಲ್ಲ. ಇವತ್ತಿಗೂ ಪೇಪರ್ ಕಟ್ಟು, ಔಷಧಿಯ ಪೆಟ್ಟಿಗೆ, ಪಂಪಿನ ಬಿಡಿಭಾಗ, ಮದುವೆಯ ಬಾಳೆಎಲೆ ಕಂಡಕ್ಟರನ ಕೈಯಲ್ಲಿ ಊರೂರು ಸೇರುತ್ತವೆ. ಬಿಲ್ಟಿ ಇಲ್ಲ, ರಶೀದಿ ಇಲ್ಲ, "ಬೆಳ್ಮಣ್ಣಲ್ಲಿ ಒಬ್ರು ನಿಂತಿರ್ತಾರೆ, ಕೊಡಿ ಮಾರಾಯ್ರೆ" ಅಷ್ಟೇ.

ಶಂಕರಪುರದ ಮಲ್ಲಿಗೆ ಬದುಕಿರುವುದೇ ಇದರ ಮೇಲೆ. 2008ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯನ್ನು ಬೆಳಕು ಹರಿಯುವ ಮೊದಲು ಕೊಯ್ಯಬೇಕು. ಹೆಂಗಸರು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ದರ ಶಂಕರಪುರದಲ್ಲಿ ಹೊರಬೀಳುತ್ತದೆ. ಸಂಜೆಯೊಳಗೆ ಹೂವು ಉಡುಪಿ, ಮಂಗಳೂರಿನ ಅಂಗಡಿಯಲ್ಲಿರಬೇಕು, ರಾತ್ರಿ ಕಳೆಯುವಷ್ಟರಲ್ಲಿ ಮುಂಬಯಿಯಲ್ಲಿ. ಹೂವಿಗೆ ಮರುದಿನ ಎಂಬುದಿಲ್ಲ. ಈ ಸರಪಳಿಯಲ್ಲಿ ಒಂದು ಹಳ್ಳಿ ಬಸ್ಸಿನ ಟ್ರಿಪ್ಪು ರದ್ದಾದರೆ ಎಷ್ಟು ಮನೆಯ ಬೆಳಗಿನ ಕೆಲಸ ಮಣ್ಣುಪಾಲಾಗುತ್ತದೆ ಎಂದು ಪರ್ಮಿಟ್ಟಿನ ಕಡತ ಹೇಳುವುದಿಲ್ಲ. ನಷ್ಟದ ರೂಟ್ ಎಂದು ಬಸ್ಸು ನಿಲ್ಲಿಸುವಾಗ ಟಿಕೆಟ್ಟಿನ ಆದಾಯ ನೋಡುತ್ತಾರೆ, ಅದರ ಸೀಟಿನಡಿಯಲ್ಲಿ ಹೋಗುತ್ತಿದ್ದ ವ್ಯಾಪಾರವನ್ನು ನೋಡುವುದಿಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲಿ ಪಾರ್ಸೆಲ್ ಸೇವೆಯನ್ನು 'ನಮ್ಮ ಕಾರ್ಗೋ' ಎಂದು ಹೆಸರಿಟ್ಟು ವ್ಯವಸ್ಥಿತಗೊಳಿಸಿತು, 2023ರ ಡಿಸೆಂಬರ್‌ನಲ್ಲಿ ಅದಕ್ಕೆ ಸ್ವಂತ ಲಾರಿಗಳನ್ನೂ ತಂದಿತು. ಒಳ್ಳೆಯ ಕೆಲಸ. ಆದರೆ ಅದು ನಗರದಿಂದ ನಗರಕ್ಕೆ. ಹಳ್ಳಿಯ ಅಂಚಿನಿಂದ ಪೇಟೆಗೆ ಬರುವ ಮೊದಲ ಹತ್ತು ಕಿಲೋಮೀಟರ್ ಇನ್ನೂ ಕಂಡಕ್ಟರನ ಔದಾರ್ಯದ ಮೇಲಿದೆ.

ಬಂದರಿನ ಕಡೆ ಬನ್ನಿ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದಾಗ ಅದರ ಕಣ್ಣಿದ್ದದ್ದು ಕುದುರೆಮುಖದ ಅದಿರಿನ ಮೇಲೆ. ಆ ಗಣಿ 2005ರ ಕೊನೆಗೆ ಮುಚ್ಚಿತು. ಈಗ ಕಚ್ಚಾತೈಲ, ಅನಿಲ, ಕಲ್ಲಿದ್ದಲು ಹೆಚ್ಚು. ಕಾಫಿ, ಗೇರುಬೀಜದಂಥ ಊರಿನ ಸರಕು ಹೋಗುವುದು ಕಂಟೈನರಿನಲ್ಲಿ. ದೊಡ್ಡ ಕಂಟೈನರ್ ಹಡಗುಗಳು ಕೊಲಂಬೊದಂಥ ಕಡೆ ನಿಲ್ಲುತ್ತವೆ, ಇಲ್ಲಿಂದ ಅಲ್ಲಿಗೆ ಸಣ್ಣ ಫೀಡರ್ ಹಡಗು ಒಯ್ಯುತ್ತದೆ. ಫೀಡರ್ ದಿನಾ ಬರುವುದಿಲ್ಲ. ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟ ಕಾಫಿ ಘಟ್ಟದಲ್ಲಿ ಒಂದು ದಿನ ಸಿಕ್ಕಿಬಿದ್ದು ಹಡಗು ತಪ್ಪಿದರೆ ಮುಂದಿನ ಹಡಗಿಗೆ ಕಾಯಬೇಕು, ಅಲ್ಲಿ ದೊಡ್ಡ ಹಡಗೂ ತಪ್ಪುತ್ತದೆ. ರಸ್ತೆಯ ಒಂದು ದಿನ ಸಮುದ್ರದಲ್ಲಿ ಒಂದು ವಾರವಾಗಿ ಬೆಳೆಯುತ್ತದೆ. ಇಟಲಿಯ ಗಿರಾಕಿಗೆ ದೊಡ್ಡತಪ್ಪಲೆಯ ಮಣ್ಣಿನ ಕಥೆ ಬೇಕಾಗಿಲ್ಲ. ಹೀಗೆ ಎರಡು ಸಲ ಆದರೆ ರಫ್ತುದಾರ ಕೊಚ್ಚಿಗೋ, ಬೆಂಗಳೂರಿನ ವೈಟ್‌ಫೀಲ್ಡ್ ಡಿಪೊದಿಂದ ರೈಲಿನಲ್ಲಿ ಚೆನ್ನೈಗೋ ತಿರುಗುತ್ತಾನೆ, ಮಂಗಳೂರು ಹತ್ತಿರವಿದ್ದರೂ. ಸರಕು ಕಡಿಮೆಯಾದರೆ ಫೀಡರ್ ಇನ್ನೂ ಅಪರೂಪ, ಫೀಡರ್ ಅಪರೂಪವಾದರೆ ಸರಕು ಇನ್ನೂ ಕಡಿಮೆ. ಆಫ್ರಿಕಾದಿಂದ ಹಸಿ ಗೇರುಬೀಜ ತಂದ ಕಂಟೈನರ್ ಕಾಫಿ ತುಂಬಿಕೊಂಡು ಹೋದರೆ ಇಬ್ಬರಿಗೂ ಲಾಭ. ಅದಕ್ಕೂ ಬೇಕಾದ್ದು ದಿನ ತಪ್ಪದ ರಸ್ತೆ.

ಇನ್ನು ಸುರಂಗ. ಶಿರಾಡಿಯ ಸುರಂಗ ಹೆದ್ದಾರಿಯ ಮಾತು ಹತ್ತು ಹದಿನೈದು ವರ್ಷಗಳಿಂದ ಓಡುತ್ತಿದೆ. ಸುಮಾರು 23 ಕಿಲೋಮೀಟರ್ ಉದ್ದಕ್ಕೆ ಸುರಂಗ, ಸೇತುವೆಗಳ ಸರಣಿ, ಸಾವಿರಾರು ಕೋಟಿ. ಒಮ್ಮೆ ಜಪಾನಿನ ನೆರವಿನ ಸುದ್ದಿ ಬಂತು, ಹೋಯಿತು. ನಾನು ಅದರ ವಿರೋಧಿಯಲ್ಲ. ಆದರೆ ಅದು ಕೂಡಲೇ ಬರುವಂಥದ್ದಲ್ಲ, ಅಲ್ಲಿಯವರೆಗಿನ ಮಳೆಗಾಲಗಳಿಗೆ ಅದು ಉತ್ತರವೂ ಅಲ್ಲ. ಇದೇ ದಾರಿಯ ಹಾಸನ–ಮಾರನಹಳ್ಳಿ ಚತುಷ್ಪಥವನ್ನೇ ನೋಡಿ. ಗುತ್ತಿಗೆ ಎಡವಿ, ವರ್ಷಗಟ್ಟಲೆ ಎಳೆದು, ಅಗಲ ಮಾಡುವ ಭರದಲ್ಲಿ ಗುಡ್ಡವನ್ನು ಗೋಡೆಯಂತೆ ನೇರಕ್ಕೆ ಕಡಿದರು. 2024ರಲ್ಲಿ ಜರಿದದ್ದು ಹಾಗೆ ಕಡಿದ ಮಗ್ಗುಲೇ. ರಸ್ತೆ ಅಗಲವಾದಷ್ಟೂ ಭದ್ರವಾಗುತ್ತದೆ ಎಂದು ನಂಬಿದ್ದೆವು, ಅಗಲ ಮಾಡಿದ್ದೇ ಅದನ್ನು ಸಡಿಲ ಮಾಡಿತು. ಅದೇ ದುಡ್ಡಿನ ಒಂದು ಪಾಲು ಚಾರ್ಮಾಡಿ, ಸಂಪಾಜೆ, ಶಿರಾಡಿ ಮೂರರಲ್ಲೂ ನೀರು ಹರಿಯುವ ಚರಂಡಿಗೆ, ಮಗ್ಗುಲು ಹಿಡಿದು ನಿಲ್ಲಿಸುವ ಗೋಡೆಗೆ ಹೋಗಿದ್ದರೆ ವೇಗ ಒಂದಿಷ್ಟೂ ಹೆಚ್ಚುತ್ತಿರಲಿಲ್ಲ, ಬಾಗಿಲು ತೆರೆದಿರುತ್ತಿತ್ತು. ಚರಂಡಿಯ ಉದ್ಘಾಟನೆಗೆ ಕೇಂದ್ರ ಸಚಿವರು ಬರುವುದಿಲ್ಲ, ನಿಜ.

ಡ್ರೈವರುಗಳನ್ನು ಕೇಳಿದರೆ ಅವರ ಪಟ್ಟಿ ಇನ್ನೂ ಚಿಕ್ಕದು. ಘಟ್ಟ ಮುಚ್ಚಿದ್ದನ್ನು ಗುಂಡ್ಯದಲ್ಲಿ ಹೇಳಬೇಡಿ, ಬಿ.ಸಿ. ರೋಡಿನಲ್ಲೇ ಹೇಳಿ. ಮೇಲಿನಿಂದ ಬರುವವರಿಗೆ ಸಕಲೇಶಪುರದಲ್ಲಲ್ಲ, ಹಾಸನದಲ್ಲೇ ಹೇಳಿ. ನಿಲ್ಲಿಸಲೇಬೇಕಾದರೆ ಶೌಚಾಲಯ, ನೀರು, ಬೆಳಕು ಇರುವ ಒಂದು ಬಯಲು ಕೊಡಿ. ರಸ್ತೆ ಬದಿ ನಿಂತ ಲಾರಿಯಲ್ಲಿ ನಿದ್ದೆ ಮಾಡುವುದೆಂದರೇನು ಎಂದು ಶಿರೂರಿನ ನಂತರ ಯಾರಿಗೂ ವಿವರಿಸಬೇಕಾಗಿಲ್ಲ.

ಇಷ್ಟಾದರೂ ಒಂದು ಮೂಲ ಕೊರತೆ ಉಳಿಯುತ್ತದೆ. ಘಟ್ಟದಲ್ಲಿ ದಿನಕ್ಕೆ ಎಷ್ಟು ವಾಹನ ಎಂದು ಎಣಿಸಿದ ಸರ್ವೆಗಳು ರಸ್ತೆ ಯೋಜನೆಗಳ ಕಡತದಲ್ಲಿರುತ್ತವೆ. ಆ ವಾಹನಗಳೊಳಗೆ ಏನಿತ್ತು, ಎಲ್ಲಿಂದ ಎಲ್ಲಿಗೆ, ಯಾವ ತಿಂಗಳು ಯಾವ ಸರಕು ಎಂಬುದು ಚರ್ಚೆಗೇ ಬರುವುದಿಲ್ಲ. ಗುಂಡ್ಯದಲ್ಲಿ ಮೊದಲು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್ ಇತ್ತು. ಲಂಚದ ಕಥೆಗಳಿಗೆ ಹೆಸರಾಗಿದ್ದರೂ ಅಂಥ ಕಡೆ ಒಂದು ರಿಜಿಸ್ಟರ್ ಇರುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಚೆಕ್‌ಪೋಸ್ಟುಗಳು ಹೋದವು. ಈಗ ಆ ಮಾಹಿತಿಯೆಲ್ಲ ಇ-ವೇ ಬಿಲ್ಲಿನ ಕಂಪ್ಯೂಟರಿನಲ್ಲಿದೆ, ಟೋಲ್‌ಗೇಟಿನ ಫಾಸ್ಟ್‌ಟ್ಯಾಗ್‌ನಲ್ಲಿದೆ, ಹಿಂದೆಂದಿಗಿಂತ ನಿಖರವಾಗಿ. ವ್ಯಾಪಾರಿಗಳ ಹೆಸರು ತೆಗೆದು, ತಾಲೂಕುವಾರು, ಸರಕುವಾರು, ತಿಂಗಳುವಾರು ಅದನ್ನು ಬಿಡಿಸಿ ಜಿಲ್ಲಾ ಪಂಚಾಯತ್ತಿನ, ವಾಣಿಜ್ಯ ಸಂಘಗಳ ಮುಂದೆ ಇಡಲು ಹೊಸ ಕಾಮಗಾರಿ ಬೇಡ, ಅರಣ್ಯ ಇಲಾಖೆಯ ಅನುಮತಿಯೂ ಬೇಡ. ಮುಂದಿನ ಸಲ ಯಾವ ಘಟ್ಟವನ್ನು ಯಾವ ತಿಂಗಳು ಮುಚ್ಚಿ ರಿಪೇರಿ ಮಾಡಬೇಕು, ಆಗ ಯಾವ ಸರಕನ್ನು ರೈಲಿಗೆ ಹಾಕಬೇಕು ಎಂದು ಲೋಕೋಪಯೋಗಿ ಇಲಾಖೆ, ರೈಲ್ವೆ, ಬಂದರು ಒಂದೇ ಮೇಜಿನಲ್ಲಿ ಕೂತು ತೀರ್ಮಾನಿಸಲು ಅಷ್ಟು ಲೆಕ್ಕ ಸಾಕು. ಆ ಸಭೆಯನ್ನು ಕಾಫಿ ಕೊಯ್ಲಿಗೆ ಮೊದಲು, ಅಕ್ಟೋಬರ್‌ನಲ್ಲೇ ಕರೆಯಬಹುದು.